ಒಣಗುಕೋಣೆಯ ಅಟ್ಟದಲ್ಲಿ ಹುಟ್ಟಿದ ಹಕ್ಕಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬಾಯ್ಲರ್ ಗುಟುರು ಹಾಕಿ ಎದ್ದಿದೆ. ಒಣಗುಕೋಣೆಯ ಕಬ್ಬಿಣದ ಬಾಗಿಲು ತೆಗೆದು ಒಳಹೊಕ್ಕ ಹೆಂಗಸು ಸ್ಟೂಲ್ ಹತ್ತುತ್ತಾರೆ, ಬೆಡ್‌ಶೀಟುಗಳ ಸಾಲಿನ ಮೇಲಿರುವ ಅಟ್ಟಕ್ಕೆ ಕೈ ಹಾಕಿ ಒಂದು ಒಣ ಕಾಯಿ ತೆಗೆಯುತ್ತಾರೆ, ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಿಲಿಗಿಲಿ ಅಂದರೆ ಒಣಗಿದೆ ಅಂತ ಅರ್ಥ. ದಬದಬ ಅಂದರೆ ಇನ್ನೂ ಹಸಿ. ಏನೂ ಅನ್ನದಿದ್ದರೆ ಒಳಗೆ ಹುಳ ಸೇರಿಕೊಂಡಿದೆ, ಎಲ್ಲ ತಿಂದು ಮಲಗಿದೆ.

"ಇವತ್ತು ನನ್ನ ತಲೆನೂ ಅಲ್ಲಾಡಿಸಿ ನೋಡ್ಬೇಕು. ದಬದಬ ಅನ್ನುತ್ತೆ," ಎನ್ನುತ್ತಾರೆ ಸ್ಟೂಲ್ ಇಳಿಯುತ್ತ.

ಇವರನ್ನು ಇಡೀ ಆಸ್ಪತ್ರೆ ಕರೆಯುವುದು ತರಗೆಲೆ ಅಕ್ಕ ಅಂತ. ದಿನಕ್ಕೆ ಆರುನೂರು ಬೆಡ್‌ಶೀಟು, ಅಷ್ಟೇ ದಿಂಬಿನ ಕವರು, ಎಣಿಸುವ ಉಸಾಬರಿಗೆ ಯಾರೂ ಹೋಗದಷ್ಟು ಟವೆಲು ಇವರ ಕೈ ದಾಟಿ ಹೋಗುತ್ತವೆ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಅಟ್ಟದ ಮೇಲಿದೆ. ಒಣಹುಲ್ಲು, ಜೊಂಡು, ಜೋಳದ ತೆನೆಯ ಸಿಪ್ಪೆ, ಹೀರೆಕಾಯಿಯ ನಾರು, ಮರದ ತೊಗಟೆ, ಹೆಸರು ಗೊತ್ತಿರುವ ಮತ್ತು ಗೊತ್ತಿಲ್ಲದ ಕಾಯಿಗಳು. ಅವುಗಳಿಂದ ಅಕ್ಕ ಪ್ರಾಣಿ ಪಕ್ಷಿ ಮಾಡುತ್ತಾರೆ. ಗೂಬೆಯ ಪಕ್ಕ ಮುಂಗುಸಿ, ಮುಂಗುಸಿಯ ಬೆನ್ನಿಗೆ ಒರಗಿ ಇನ್ನೂ ಏನೆಂದು ತೀರ್ಮಾನವಾಗದ ಒಂದು ಜೀವ. ಈ ಅಟ್ಟ ಅಕ್ಕನಿಗೆ ಉಳಿಯುತ್ತದೋ ಹೋಗುತ್ತದೋ ಎಂದು ಗೊತ್ತಾಗದ ಒಂದು ವಾರವಿತ್ತು. ಅದು ನಿಂತಿದ್ದು ಹೊರರೋಗಿಗಳು ಕಾಯುವ ಹಾಲ್‌ನಲ್ಲಿ ಹಕ್ಕಿ ಇದೆಯೋ ಇಲ್ಲವೋ ಎಂಬುದರ ಮೇಲೆ.

ಹಾಲ್‌ಗೆ ಹೋಗಿ ನೋಡಿದರೆ ಗೊತ್ತಾಗುತ್ತಿರಲಿಲ್ಲವೇ ಅಂದರೆ, ಇಲ್ಲ. ಕಷ್ಟ ಇದ್ದದ್ದೇ ಅಲ್ಲಿ.

ಅಕ್ಕ ಮೊದಲು ಬ್ರಷ್ ಕಾರ್ಖಾನೆಯಲ್ಲಿದ್ದವರು. ನಾರು ಬಾಚಿ, ಕಟ್ಟು ಕಟ್ಟಿ, ಮರದ ಹಿಡಿಗೆ ತುಂಬುವ ಕೆಲಸ. ಕೈಗೆ ಬಂದ ನಾರು ಯಾವ ಕಡೆ ಬಾಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ವರ್ಷ ಅಲ್ಲಿ ಸವೆಸಿದರು. ಆಮೇಲೆ ಪ್ಲಾಸ್ಟಿಕ್ ಬ್ರಷ್ಷು ಬಂತು, ಕಾರ್ಖಾನೆ ಬಾಗಿಲು ಹಾಕಿತು. ಕೊನೆಯ ದಿನ ಮಾಲೀಕರು ಉಳಿದ ನಾರನ್ನೆಲ್ಲ ಕೆಲಸದವರಿಗೆ ಹಂಚಿ ಕೈತೊಳೆದುಕೊಂಡರು. ಅಕ್ಕ ಅದರಲ್ಲಿ ಮನೆಗೊಂದು ಬಾಟಲಿ ತೊಳೆಯುವ ಬ್ರಷ್ ಮಾಡಲು ಕೂತರು. ಸಂಜೆಯ ಹೊತ್ತಿಗೆ ಅದು ಮುಂಗುಸಿಯಾಗಿತ್ತು.

"ನಾನೇನೂ ಮುಂಗುಸಿ ಮಾಡೋಕೆ ಹೋಗಿದ್ದಲ್ಲ. ಮೂತಿ ತಾನೇ ಬಂತು. ಬಂದ್ಮೇಲೆ ಅದನ್ನ ಬಾಟ್ಲಿಯೊಳಗೆ ತುರುಕೋಕೆ ಮನಸ್ಸು ಬರುತ್ತಾ ಹೇಳಿ?"

ಆ ಮೊದಲ ಮುಂಗುಸಿ ಹದಿನೈದು ದಿನ ಬದುಕಿತ್ತು. ಅಕ್ಕನ ಯಜಮಾನರು ಕೊಡೆ ರಿಪೇರಿ ಮಾಡುವವರು. ಮನೆಯೆಂದರೆ ಒಂದೇ ಕೋಣೆ, ಅದರ ತುಂಬ ನೀರು ತೊಟ್ಟಿಕ್ಕುವ ಕೊಡೆಗಳು. ಹಗ್ಗದ ಮೇಲೆ ಕೊಡೆ, ಕಿಟಕಿಗೆ ಕೊಡೆ, ಮಂಚದ ಕಾಲಿಗೆ ಕೊಡೆ. ಮಳೆ ಬಂದರೆ ಯಜಮಾನರಿಗೆ ಸುಗ್ಗಿ, ಅಕ್ಕನಿಗೆ ಬೂಷ್ಟು. ಮುಂಗುಸಿಗೆ ಮೊದಲು ಬಿಳಿ ಮೀಸೆ ಬಂತು. ಆಮೇಲೆ ಹಸಿರು ಮೀಸೆ. ಕೊನೆಗೆ ಬೆನ್ನ ಮೇಲೆ ಒಂದು ಅಣಬೆ ಎದ್ದಿತು, ಅದೂ ಕೊಡೆಯ ಆಕಾರದ್ದೇ.

"ನೋಡು, ನಿನ್ನ ಮುಂಗುಸಿಗೂ ಕೊಡೆ ಬೇಕು ಅನ್ನಿಸಿದೆ," ಅಂದರಂತೆ ಯಜಮಾನರು.

"ನೀವು ಸುಮ್ನಿರ್ರೀ. ನಿಮ್ಮ ಕೊಡೆಗಳಿಂದಾನೇ ಅದು ಹೋಗಿದ್ದು."

"ಮನೇಲಿ ಕೊಡೆ ಇರ್ಬಾರ್ದು ಅಂದ್ರೆ ಕೊಡೆ ರಿಪೇರಿಯವನನ್ನ ಯಾಕೆ ಕಟ್ಕೊಂಡೆ?"



ಆಸ್ಪತ್ರೆಗೆ ಕೆಲಸಕ್ಕೆ ಸೇರಿದ ಮೇಲೆ ಸಿಕ್ಕಿದ್ದು ಒಣಗುಕೋಣೆ. ಮೂಳೆಯವರೆಗೂ ಬಿಸಿ ಮುಟ್ಟುವ ಜಾಗ. ಎಲ್ಲರಿಗೂ ಅದು ಶಿಕ್ಷೆ, ಅಕ್ಕನಿಗೆ ಮಾತ್ರ ತವರು. ಇಡೀ ಊರಿನಲ್ಲಿ ಮಳೆಗಾಲದಲ್ಲೂ ಒಂದು ಒಣ ಎಲೆ ಒಣ ಎಲೆಯಾಗಿಯೇ ಉಳಿಯುವ ಸ್ಥಳ ಅದೊಂದೇ. ಇಸ್ತ್ರಿ ಮೇಸ್ತ್ರಿ ಅಂತ ಒಬ್ಬರಿದ್ದಾರೆ, ವಿಭಾಗದ ಹಿರಿಯರು. ಅವರ ಮುಖದಲ್ಲೂ ಒಂದು ಸುಕ್ಕು ಕಾಣಿಸುವುದಿಲ್ಲ. ಅವರು ಒಂದು ದಿನ ಮೇಲೆ ನೋಡಿ, "ಅಟ್ಟದಲ್ಲಿ ಅದೇನಮ್ಮಾ?" ಅಂದರು. ಅಕ್ಕ "ಕಸ, ಮೇಸ್ತ್ರಿ," ಅಂದರು. "ಕಸಕ್ಕೆ ಕಣ್ಣಿದೆಯಲ್ಲ?" ಅಂದರು ಮೇಸ್ತ್ರಿ. ಮತ್ತೆ ಇಸ್ತ್ರಿಯ ಕಡೆಗೆ ತಿರುಗಿದರು.

ಅಕ್ಕನ ಕೆಲಸಕ್ಕೆ ಒಂದು ರೀತಿಯಿದೆ. ಯಾವ ಕಡ್ಡಿಯನ್ನೂ ಬಲವಂತದಿಂದ ಬಗ್ಗಿಸುವುದಿಲ್ಲ. ಬಾಗಿರುವುದನ್ನು ಬಾಗಿದಂತೆ, ತಿರುಚಿದ್ದನ್ನು ತಿರುಚಿದಂತೆ ಸೇರಿಸಿ, ಜೋಳದ ಸಿಪ್ಪೆಯ ಹುರಿಯಿಂದ ಕಟ್ಟಿ, ಬಟ್ಟೆಗೆ ಹಾಕುವ ಗಂಜಿಯನ್ನೇ ಸವರುತ್ತಾರೆ. ಹೀಗಾಗಿ ಶುರುವಿನಲ್ಲಿ ಏನಾಗುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. "ಒಂದ್ಸಲ ಜಿಂಕೆ ಅನ್ಕೊಂಡೆ. ಕೊಂಬು ಕೂರಿಸೋವಷ್ಟರಲ್ಲಿ ಅದು ಏಡಿ ಆಗಿತ್ತು. ಕೊಂಬೇನು ವೇಸ್ಟ್ ಆಗಲಿಲ್ಲ ಬಿಡಿ, ಕಾಲಾಯ್ತು."

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಕೆಡಿಸಿದ್ದು ಬೂರುಗದ ಕಾಯಿಗಳು. ಗೂಬೆಯ ಹೊಟ್ಟೆಗೆ ಬೇಕೆಂದು ಅಕ್ಕ ಒಂದು ಬುಟ್ಟಿ ಕಾಯಿ ತಂದು ಅಟ್ಟಕ್ಕೆ ಏರಿಸಿದ್ದರು. ಅವತ್ತು ಬಾಯ್ಲರ್‌ಗೆ ಹುರುಪು ಜಾಸ್ತಿಯಾಗಿತ್ತು. ಮಧ್ಯಾಹ್ನ ಪಟ್ ಅಂತ ಒಂದು ಸದ್ದು. ಆಮೇಲೆ ಪಟಪಟ. ಬಾಗಿಲು ತೆಗೆದರೆ ಒಳಗೆ ಹತ್ತಿಯ ಮೋಡ. ಆ ಮೋಡ ಅಲ್ಲೇ ಇದ್ದಿದ್ದರೆ ಇದು ಸುದ್ದಿಯಾಗುತ್ತಿರಲಿಲ್ಲ. ಅದು ಬೆಡ್‌ಶೀಟುಗಳ ಜೊತೆ ವಾರ್ಡಿಗೆ ಹೋಯಿತು, ದಿಂಬಿನ ಕವರುಗಳ ಜೊತೆ ಮಹಡಿ ಹತ್ತಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಒಂದು ಇಡೀ ವಾರ್ಡು ಒಟ್ಟಿಗೆ ಸೀನಿತು. ಸೀನಿದವರು ಯಾರೂ ಅದನ್ನು ಇನ್ನೂ ಮರೆತಿಲ್ಲ.

ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರು ಒಣಗುಕೋಣೆಗೆ ಬಂದರು. ಹುಬ್ಬಿನ ಮೇಲೆ ಬಿಳಿ ಹತ್ತಿ ಕೂತಿದ್ದರಿಂದ ವಯಸ್ಸಾದವರಂತೆ ಕಾಣುತ್ತಿದ್ದರು.

"ಇದೆಲ್ಲ ಇವತ್ತೇ ಖಾಲಿ ಆಗ್ಬೇಕು," ಅಂದವರು ಗೂಬೆಯ ಕಣ್ಣಿಗೆ ಕಣ್ಣು ಕೊಟ್ಟು ತಡೆದು ನಿಂತರು. ಹೊರಗೆ ಹೋದರು. ಮತ್ತೆ ಬಂದರು. "ಇಂಥದ್ದು ದೊಡ್ಡದಾಗಿ ಬರುತ್ತಾ? ಗೋಡೆಗೆ ಹಾಕೋ ಹಂಗೆ?"

ಆಡಳಿತ ಮಂಡಳಿಯ ಅಧ್ಯಕ್ಷೆ ಆಸ್ಪತ್ರೆ ನೋಡಲು ಬರುವವರಿದ್ದರು. ಹೋದ ಸಲ ಬಂದಾಗ, ಕಾಯುವ ಹಾಲ್ ನೋಡಿದರೆ ಇಲ್ಲದ ಕಾಯಿಲೆಯೂ ಬರುತ್ತದೆ ಅಂದಿದ್ದರಂತೆ. ಸಾಹೇಬರು ಲೆಕ್ಕಾಚಾರ ಹಾಕಿ ಹೇಳಿದರು: ಅಧ್ಯಕ್ಷೆ ಬಂದ ದಿನ ಗೋಡೆ ಮೇಲೆ ಹಕ್ಕಿ ಇದ್ದರೆ ಅಟ್ಟ ಅಕ್ಕನದು. ಇಲ್ಲದಿದ್ದರೆ ಅಟ್ಟ ಖಾಲಿ.

"ಹಕ್ಕೀನೇ ಆಗ್ಬೇಕಾ ಸಾರ್? ಮಾಡ್ತಾ ಬೇರೆ ಏನಾದ್ರೂ ಆದ್ರೆ?"

"ಹಕ್ಕಿ ಮಾಡೋಕೆ ಹೋದ್ರೆ ಹಕ್ಕೀನೇ ಆಗುತ್ತಮ್ಮ. ಬೇರೆ ಏನಾಗುತ್ತೆ?"

ಸಾಹೇಬರಿಗೆ ಏಡಿಯ ಕತೆ ಗೊತ್ತಿರಲಿಲ್ಲ.

ಹುಟ್ಟಿದ ಮೇಲೆ ಮೊದಲ ಸಲ ಅಕ್ಕ ಇಂಥದ್ದೇ ಮಾಡಬೇಕೆಂದು ಕೂತರು. ಮೈಗೆ ತೊಗಟೆ, ರೆಕ್ಕೆಗೆ ಜೋಳದ ಸಿಪ್ಪೆ. ಕುತ್ತಿಗೆಗೆ ಒಳ್ಳೆಯ ತಿರುವು ಬೇಕಿತ್ತು. ಮೈದಾನದಲ್ಲಿ ನಡೆದರೆ ಪ್ಯಾಂಟಿನ ತುದಿಗೆ ಚುಚ್ಚಿಕೊಂಡು ಬರುವ ಹುಲ್ಲಿನ ಊಬು ಇದೆಯಲ್ಲ, ಕೂದಲಿನಷ್ಟು ಸಣ್ಣದು, ತುದಿಯಲ್ಲಿ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಒಗೆಯಲು ಬರುವ ಬಟ್ಟೆಗಳಿಂದ ಅಕ್ಕ ಅದನ್ನು ಹೆಕ್ಕಿ ಹೆಕ್ಕಿ ಕೂಡಿಟ್ಟಿದ್ದರು. ಅದರ ಕಟ್ಟುಗಳನ್ನೇ ಕುತ್ತಿಗೆಗೆ, ಬಾಲದ ಬುಡಕ್ಕೆ, ಎಡ ತೊಡೆಗೆ ಕೂರಿಸಿದರು. ಬಲ ತೊಡೆಗೆ ಸಾಲಲಿಲ್ಲ, ಜೊಂಡು ಹಾಕಿದರು. ಮುಗಿದಾಗ ಒಣಗುಕೋಣೆಯಲ್ಲಿ ನಿಂತಿದ್ದು ಆಳೆತ್ತರದ, ಕತ್ತು ನೀಳವಾಗಿ ಎತ್ತಿದ ಕೊಕ್ಕರೆ. ಮೇಸ್ತ್ರಿ ನೋಡಿ, "ಹಕ್ಕಿ," ಅಂದರು. ಸಾಹೇಬರು ನೋಡಿ, "ಹಕ್ಕಿ," ಅಂದರು. ಯಜಮಾನರನ್ನೂ ಕರೆಸಿ ತೋರಿಸಲಾಯಿತು. "ಹಕ್ಕಿ ಥರಾನೇ ಇದೆ," ಅಂದರು ಅವರು, ಪೂರ್ತಿ ಒಪ್ಪಿ ಅಭ್ಯಾಸವಿಲ್ಲದ ಕಾರಣ.

ಸಂಜೆ ಅದನ್ನು ಹಾಲ್‌ಗೆ ಹೊತ್ತು ತಂದು ಗೋಡೆಗೆ ಬಿಗಿದರು. ಬಲಕ್ಕೆ ಔಷಧಿ ಕೌಂಟರು. ಎಡಕ್ಕೆ ಆಸ್ಪತ್ರೆ ಕಟ್ಟಿಸಿದ ಹಿರಿಯರ ದೊಡ್ಡ ಫೋಟೋ, ಯಾರನ್ನೂ ನಂಬದ ಮುಖ.

ಮರುದಿನ ಬೆಳಗ್ಗೆ ಹಾಲ್‌ನಲ್ಲಿ ಹಕ್ಕಿ ಇರಲಿಲ್ಲ. ಗೋಡೆಯ ಮೇಲೆ ಏನೋ ಇತ್ತು. ಕತ್ತು ಮೊಣಕಾಲಿಗೆ ಬಂದು, ಮೂತಿ ನೆಲ ಮೂಸುತ್ತಿತ್ತು. ಚೀಟಿ ಮಾಡಿಸಲು ನಿಂತಿದ್ದ ಅಜ್ಜ ಕತ್ತೆ ಅಂದರು. ಅವರ ಹಿಂದಿದ್ದ ಹೆಂಗಸು ಇರುವೆ ತಿನ್ನೋ ಅದು, ಅದರ ಹೆಸರು ಬಾಯಲ್ಲೇ ಇದೆ, ಅಂದರು. ಸಾಹೇಬರು ಓಡಿ ಬಂದರು.

"ನನ್ನ ಹಕ್ಕಿ ಎಲ್ಲಮ್ಮಾ?"

"ಇದೇ ಸಾರ್."

"ಇದು ಹಕ್ಕಿನಾ?"

ಅಕ್ಕ ನೋಡಿದರು. ಸಿಪ್ಪೆ ಅವರದೇ, ಹುರಿಯ ಗಂಟು ಅವರದೇ. "ನಿನ್ನೆ ಹಕ್ಕಿನೇ ಆಗಿತ್ತು ಸಾರ್," ಅಂದರು. 

ರಾತ್ರಿ ಪಾಳಿಯ ವಾಚ್‌ಮನ್‌ನ ವಿಚಾರಣೆ ನಡೆಯಿತು. ತಾನು ಯಾವ ಪ್ರಾಣಿಯನ್ನೂ ಮುಟ್ಟಿಲ್ಲ, ತನಗೆ ನಾಯಿ ಕಂಡರೇ ಭಯ ಅಂತ ಅವನು ಅಳುಮುಖ ಮಾಡಿದ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಬಂದರೆ ಗೋಡೆಯ ಮೇಲೆ ಕೊಕ್ಕರೆ, ಕತ್ತು ನೆಟ್ಟಗೆ, ಏನೂ ಆಗಿಯೇ ಇಲ್ಲವೆಂಬಂತೆ. ಸಾಹೇಬರು ತಮ್ಮ ಕನ್ನಡಕ ಒರೆಸಿ, ಕಣ್ಣಿನ ಡಾಕ್ಟರ ಕೋಣೆಯ ಕಡೆ ನಡೆದರು. ಮಾರನೇ ದಿನ ಬೆಳಗ್ಗೆ ಮತ್ತೆ ಕತ್ತೆ. ಮಧ್ಯಾಹ್ನ ಮತ್ತೆ ಕೊಕ್ಕರೆ.

"ನಂಗೆ ಹುಚ್ಚು ಹಿಡಿಯೋದೊಂದು ಬಾಕಿ," ಅಂದರು ಅಕ್ಕ. "ಕೆಟ್ಟಿದ್ರೆ ರಿಪೇರಿ ಮಾಡ್ಬೋದು. ಮಧ್ಯಾಹ್ನ ತಾನೇ ಸರಿ ಹೋಗುತ್ತಲ್ಲ, ಅದಕ್ಕೇನು ಮಾಡೋದು?"

ಗುಟ್ಟು ಬಿಡಿಸಿದ್ದು ನಾದಿನಿ. ಯಜಮಾನರ ತಂಗಿ, ಅದೇ ಹಾಲ್‌ನ ನೆಲ ಒರೆಸುವವರು. ಇಬ್ಬರಿಗೂ ಮಾತು ಅಷ್ಟಕ್ಕಷ್ಟೇ, ಆದರೆ ಆಡುವುದು ನಿಲ್ಲಿಸಿಲ್ಲ.

"ಅತ್ತಿಗೆ, ನಿಮ್ಮ ಕೋಳಿಗೆ ನಾನಂದ್ರೆ ಆಗಲ್ಲ. ಬಕೆಟ್ ತಂದು ಒರೆಸೋಕೆ ಶುರು ಮಾಡಿದ್ರೆ ಸಾಕು, ತಲೆ ತಗ್ಗಿಸುತ್ತೆ."

"ಕೋಳಿ ಅಲ್ಲ ಕಣೇ, ಕೊಕ್ಕರೆ... ಏನಂದೆ? ಒರೆಸಿದಾಗ?"

ಅಕ್ಕನಿಗೆ ಆಗ ಹೊಳೆಯಿತು. ಊಬು ತೇವ ತಾಕಿದರೆ ಹೊಸೆತ ಬಿಚ್ಚುತ್ತದೆ, ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ಬ್ರಷ್ ಕಾರ್ಖಾನೆಯಲ್ಲಿ ಇದ್ದವರಿಗೆ ಇದು ತಿಳಿಯದ ವಿಷಯವೇನಲ್ಲ. ಆದರೆ ಒಣಗುಕೋಣೆಯಲ್ಲಿ ತೇವ ಎಂದೂ ನಿಲ್ಲುವುದಿಲ್ಲ, ವರ್ಷಗಟ್ಟಲೆ ಅಲ್ಲಿ ಕೆಲಸ ಮಾಡಿ ಮನೆಯ ಆಚೆಗೂ ತೇವ ಅಂತ ಒಂದಿದೆ ಎಂಬುದೇ ಅಕ್ಕನಿಗೆ ಮರೆತುಹೋಗಿತ್ತು. ಒದ್ದೆ ನೆಲ, ಒದ್ದೆ ಕೊಡೆ, ಮುನ್ನೂರು ಜನರ ಉಸಿರು, ಇವುಗಳ ನಡುವೆ ಹಕ್ಕಿಯನ್ನು ನಿಲ್ಲಿಸಿ ಬಂದಿದ್ದರು.

"ಅಧ್ಯಕ್ಷೆ ಬರೋ ದಿನ ಒಂದಿನ ನೆಲ ಒರೆಸಬೇಡ್ವೇ," ಎಂದು ಕೇಳಿಯೂ ನೋಡಿದರು.

"ಚೆನ್ನಾಗಿದೆ ಬಿಡಿ! ಅವತ್ತು ಎರಡು ಸಲ ಒರೆಸು ಅಂದಿದ್ದಾರೆ. ನಿಮ್ಮ ಹಕ್ಕಿ ತಲೆ ಎತ್ಲಿ ಅಂತ ನಾನು ತಲೆ ತಗ್ಗಿಸ್ಲಾ?"

ದಾರಿ ತೋರಿಸಿದ್ದು ಯಜಮಾನರು. ಹಳೇ ಕೊಡೆಯ ಒಂದು ಕಡ್ಡಿ ಕಿತ್ತು ಕೊಟ್ಟು, "ಕುತ್ತಿಗೆ ಒಳಗೆ ತೂರಿಸು. ಬಿರುಗಾಳಿಗೇ ಬಗ್ಗಲ್ಲ ಇದು," ಅಂದರು. ಅಕ್ಕ ಯಾವತ್ತೂ ತಂತಿ ಮುಟ್ಟಿದವರಲ್ಲ. ಕಡ್ಡಿ ಹಿಡಿದು ಸುಮಾರು ಹೊತ್ತು ಕೂತಿದ್ದರು. ಅಟ್ಟ ನೆನಪಾಯಿತು. ತೂರಿಸಿದರು.

ಮರುದಿನ ಬೆಳಗ್ಗೆ ಕತ್ತು ನೆಟ್ಟಗೆ ನಿಂತಿತ್ತು. ಬಾಲ ಮಾತ್ರ ಮೇಲೆದ್ದು ಬೆನ್ನು ತುರಿಸುತ್ತಿತ್ತು. ಒಳಗಿನ ಊಬು ಬಿಚ್ಚಿಕೊಳ್ಳಲೇಬೇಕಲ್ಲ, ಒಂದು ಕಡೆ ತಡೆದರೆ ಇನ್ನೊಂದು ಕಡೆ. ಬಾಲಕ್ಕೂ ಒಂದು ಕೊಡೆ ಕಡ್ಡಿ ಬಿತ್ತು. ತೊಡೆಯ ನೆನಪು ಅಕ್ಕನಿಗೆ ಬರಲಿಲ್ಲ. ಅಲ್ಲಿಯವರೆಗೆ ತೊಡೆ ಯಾವ ತಂಟೆಯನ್ನೂ ಮಾಡಿರಲಿಲ್ಲ.

ಅಧ್ಯಕ್ಷೆ ಬರುವ ದಿನ ಬೆಳಗ್ಗೆ ನಾದಿನಿ ಒರೆಸಿದರು. ಒಣಗುವ ಮೊದಲೇ ಇನ್ನೊಮ್ಮೆ ಒರೆಸಿದರು. ಹೊರಗೆ ಮಳೆ ಬೇರೆ ಹಿಡಿದಿತ್ತು, ಬಂದವರೆಲ್ಲ ಕೊಡೆ ಕೊಡವಿದರು. ಅಕ್ಕ ಇಸ್ತ್ರಿ ಮಾಡಿದ ಬೆಡ್‌ಶೀಟುಗಳ ಗಾಡಿ ಹಿಡಿದು ಹಾಲ್‌ನ ಮೂಲೆಯಲ್ಲಿ ನಿಂತಿದ್ದರು, ಪಕ್ಕದಲ್ಲಿ ಮೇಸ್ತ್ರಿ. ಕತ್ತು ನೆಟ್ಟಗಿದೆ. ಬಾಲ ಸುಮ್ಮನಿದೆ. ಅಟ್ಟ ಉಳಿಯಿತು ಅಂತ ಅಕ್ಕ ಉಸಿರು ಬಿಡುವುದಕ್ಕೂ ಮೇಸ್ತ್ರಿ ಅವರ ಮೊಣಕೈ ತಿವಿಯುವುದಕ್ಕೂ ಸರಿಹೋಯಿತು.

"ಅಮ್ಮಾ, ಕಾಲು."

ಕೊಕ್ಕರೆಯ ಎಡಗಾಲು ಗೋಡೆ ಬಿಟ್ಟಿತ್ತು. ಯಾವ ಅವಸರವೂ ಇಲ್ಲದೆ, ಗಡಿಯಾರದ ಮುಳ್ಳಿನ ಹಾಗೆ, ಪಕ್ಕಕ್ಕೆ ಮೇಲೇಳುತ್ತಿತ್ತು. ಮೊಣಕಾಲು ಮಡಿಚಿತು. ಇನ್ನೂ ಎದ್ದಿತು. ಎಡಗಡೆಯಲ್ಲಿ ಏನಿದೆ ಎಂಬುದು ಅಕ್ಕನಿಗೆ ಆಗ ನೆನಪಾಯಿತು. ಆಸ್ಪತ್ರೆ ಕಟ್ಟಿಸಿದ ಹಿರಿಯರು ಚೌಕಟ್ಟಿನೊಳಗಿಂದ ನೋಡುತ್ತಲೇ ಇದ್ದರು. ಬೀದಿನಾಯಿ ದೀಪದ ಕಂಬದ ಪಕ್ಕ ಹೇಗೆ ನಿಲ್ಲುತ್ತದೋ ಹಾಗೆ ಕೊಕ್ಕರೆ ಅವರ ಪಕ್ಕ ನಿಂತಿತ್ತು.

ಅಷ್ಟರಲ್ಲಿ ಅಧ್ಯಕ್ಷೆ ಒಳಗೆ ಬಂದೇಬಿಟ್ಟರು. ಬಿಳಿ ಕೂದಲು, ಕೈಯಲ್ಲಿ ಕೋಲು. ಅವರು ಆ ಫೋಟೋದ ಹಿರಿಯರ ಸೊಸೆ. ಸಾಹೇಬರು ಗೋಡೆಗೆ ಬೆನ್ನು ಹಾಕಿ, ಅವರ ಮುಖ ನೋಡುತ್ತ ಕೈ ಚಾಚಿದರು. "ಮೇಡಂ, ತಾವು ಹೇಳಿದ ಹಾಗೆ ಹಾಲ್‌ಗೆ ಒಂದು ಕಳೆ. ನಮ್ಮ ಸಿಬ್ಬಂದೀನೇ ಮಾಡಿದ್ದು. ಮಾವನವರ ಪಕ್ಕದಲ್ಲೇ ಇರ್ಲಿ ಅಂತ ಹಾಕ್ಸಿದ್ದೀವಿ."

ಅಧ್ಯಕ್ಷೆ ನೋಡಿದರು. ಫೋಟೋ ನೋಡಿದರು. ಕಾಲು ನೋಡಿದರು. ಕಾಲು ಆಗಲೂ ಏಳುತ್ತಿತ್ತು. ಹಾಲ್‌ನಲ್ಲಿ ಕೆಮ್ಮುವವರೂ ಕೆಮ್ಮು ನಿಲ್ಲಿಸಿದ್ದರು. ಸಾಹೇಬರು ಅವರ ಕಣ್ಣಿನ ದಾರಿ ಹಿಡಿದು ತಿರುಗಿ ನೋಡಿ, ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಯಾರು ಮಾಡಿದ್ದು?"

ಅಕ್ಕ ಗಾಡಿ ಬಿಟ್ಟು ಮುಂದೆ ಬಂದರು. "ನಾನೇ ಅಮ್ಮಾ. ಹಕ್ಕಿ ಅಂತಾನೇ ಮಾಡಿದ್ದು. ಈಗ ಅದೇನು ಮಾಡ್ತಿದೆ ಅಂತ ನಂಗೂ ಗೊತ್ತಾಗ್ತಿಲ್ಲ. ನೆಲ ಒಣಗಿದ್ರೆ ಕಾಲು ಇಳಿಸುತ್ತೆ. ಬೇಕಾದ್ರೆ ಈಗ್ಲೇ ತಂತಿ ಕಟ್ಟಿ ಬಿಗಿದುಬಿಡ್ತೀನಿ."

ಅಧ್ಯಕ್ಷೆಯ ತುಟಿ ಒಂದು ಸಲ ಅದುರಿತು. ಸಿಟ್ಟೋ ಬೇರೆ ಏನೋ ಯಾರಿಗೂ ತಿಳಿಯಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂತರು. ಕೋಲು ಮಡಿಲಲ್ಲಿಟ್ಟುಕೊಂಡು, ಕಾಲು ಪೂರ್ತಿ ಎದ್ದು ನಿಲ್ಲುವವರೆಗೂ ನೋಡಿದರು. ಅವರ ಜೊತೆ ಬಂದವರೂ ನಿಂತು ನೋಡಿದರು, ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ವಾರ್ಡು, ಅಡುಗೆಮನೆ, ಎಕ್ಸ್‌ರೇ ಕೋಣೆ, ಸಾಹೇಬರು ಬಣ್ಣ ಹೊಡೆಸಿದ್ದ ಯಾವುದನ್ನೂ ಅಧ್ಯಕ್ಷೆ ಅವತ್ತು ನೋಡಲಿಲ್ಲ. ಎದ್ದು ಹೊರಡುವಾಗ ಸಾಹೇಬರಿಗೆ, "ಇದು ಇಲ್ಲೇ ಇರ್ಲಿ, ಇದೇ ಜಾಗದಲ್ಲಿ," ಅಂದರು. ಅಕ್ಕನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು: "ಆ ಕಾಲಿಗೆ ಮಾತ್ರ ತಂತಿ ಕಟ್ಬೇಡಮ್ಮ."

ಇದರ ಅರ್ಥವೇನೆಂದು ಆಸ್ಪತ್ರೆ ಇನ್ನೂ ಚರ್ಚಿಸುತ್ತಿದೆ. ಆ ಮಾವ ಬದುಕಿದ್ದಾಗ ಸೊಸೆಯ ಕೈಯಲ್ಲಿ ಒಂದೇ ಲೋಟ ಕಾಫಿಯನ್ನು ನಾಲ್ಕು ಸಲ ಬಿಸಿ ಮಾಡಿಸಿ, ಕೊನೆಗೆ ಕುಡಿಯದೆ ಎದ್ದು ಹೋಗುತ್ತಿದ್ದರು ಎಂದು ಹಳೆಯ ನರ್ಸ್ ಒಬ್ಬರು ಹೇಳುತ್ತಾರೆ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಸಾಹೇಬರು ಕೇಳುತ್ತಾರೆ. ಅದು ಹಕ್ಕಿ ಎಂದು ಅಧ್ಯಕ್ಷೆ ಒಪ್ಪಿದರೋ ಇಲ್ಲವೋ ಸಾಹೇಬರಿಗೆ ಇನ್ನೂ ಬಗೆಹರಿದಿಲ್ಲ. ಬಗೆಹರಿಯದ ಕಾರಣ ಅಟ್ಟದ ಮಾತು ಎತ್ತುವುದನ್ನೇ ಬಿಟ್ಟಿದ್ದಾರೆ. ಬೂರುಗದ ಕಾಯಿ ಒಂದನ್ನು ಬಿಟ್ಟು ಏನು ಬೇಕಾದರೂ ಒಣಗಿಸಿಕೋ ಎಂದು ಮೇಸ್ತ್ರಿಯ ಬಾಯಲ್ಲಿ ಹೇಳಿ ಕಳಿಸಿದ್ದಾರೆ.

ಅಕ್ಕ ಕತ್ತಿನ ಕಡ್ಡಿ, ಬಾಲದ ಕಡ್ಡಿ ಎರಡನ್ನೂ ಎಳೆದು ತೆಗೆದು ಯಜಮಾನರಿಗೆ ವಾಪಸ್ ಕೊಟ್ಟಿದ್ದಾರೆ. ಹಕ್ಕಿ ಈಗ ಬೆಳಗ್ಗೆ ತನಗೆ ತೋಚಿದ್ದಾಗುತ್ತದೆ, ಮಧ್ಯಾಹ್ನ ಕೊಕ್ಕರೆಯಾಗುತ್ತದೆ. ಅಧ್ಯಕ್ಷೆ ಆಗಾಗ ಹೇಳದೆ ಕೇಳದೆ ಬರುತ್ತಾರೆ, ಅದೂ ನೆಲ ಒರೆಸುವ ಹೊತ್ತಿಗೇ. ಬೆಂಚಿನ ಮೇಲೆ ಕೂತು, ನೋಡಿ, ಎದ್ದು ಹೋಗುತ್ತಾರೆ.

"ಏನೇನೋ ಮಾಡಿದ್ದೀನಿ, ಎಲ್ಲರೂ ಚೆನ್ನಾಗಿದೆ ಅಂತಾರೆ, ಮುಂದಕ್ಕೆ ಹೋಗ್ತಾರೆ," ಎನ್ನುತ್ತಾರೆ ಅಕ್ಕ, ಅಟ್ಟದಿಂದ ಒಂದು ಹಿಡಿ ಊಬು ತೆಗೆದು ಗಂಜಿಯ ಬಟ್ಟಲ ಪಕ್ಕದಲ್ಲಿಡುತ್ತ. "ಆದ್ರೆ ಇಷ್ಟು ದೊಡ್ಡೋರು ಬಂದು ಕೂತು, ಬರೀ ಒಂದು ಕಾಲನ್ನ ಅಷ್ಟು ಹೊತ್ತು ನೋಡಿದ್ದು ಇದೇ ಮೊದ್ಲು. ಹಕ್ಕಿ ಏನಾದ್ರೂ ಆಗ್ಲಿ ಬಿಡಿ. ಕಾಲು ಚೆನ್ನಾಗಿ ಕೂರಿಸಿದ್ದೀನಿ ಅನ್ಸುತ್ತೆ."